ಜಮಾದಾರನ ನಾಲ್ಕನೆಯ ಕಾಲು

ಮೋಕ್ಷದ ದಾರಿ ಕೇಳಿಕೊಂಡು ಬಂದ ಅಡಿವೆಪ್ಪನ ಕೈಗೆ ಅಜ್ಜಾರು ಒಂದು ಹಳೆಯ ಟವೆಲ್ಲು ಕೊಟ್ಟರು.

"ಇದು ಯಾಕ್ರಿ ಅಜ್ಜಾರ?"

"ನಾಯಿ ಒರೆಸಾಕ."

ಇದು ಯಾವ ಪುರಾಣದಲ್ಲೂ ಬರುವುದಿಲ್ಲ, ಹುಡುಕುವ ಕಷ್ಟ ತೆಗೆದುಕೊಳ್ಳಬೇಡಿ. ಹೊಳೆಯ ದಂಡೆಯ ಮೇಲೆ ಒಂದು ಸಣ್ಣ ಮಠ, ಮಠದಿಂದ ನೀರಿಗೆ ಇಳಿಯಲು ಹದಿನೆಂಟು ಪಾವಟಿಗೆ, ಪಕ್ಕದಲ್ಲಿ ಒಂದಿಷ್ಟು ಮರಳು. ಮಠದಲ್ಲಿ ಇದ್ದವರು ಗದಿಗೆಪ್ಪಜ್ಜ ಒಬ್ಬರೇ. ವಯಸ್ಸು ಎಪ್ಪತ್ತಾರು.

ಕಾವಿ ಉಡುವ ಮೊದಲು ಅವರು ಪಟ್ಟಣದ ದನದ ದವಾಖಾನೆಯಲ್ಲಿ ಮೂವತ್ತು ವರ್ಷ ಕಂಪೌಂಡರ್ ಆಗಿದ್ದವರು. ಈಗ ಆ ದವಾಖಾನೆಯಲ್ಲಿ ಮುರಿದ ಎಲುಬು ಕೂಡಿಸುವ ಆಪರೇಷನ್ ಮಾಡುತ್ತಾರೆ. ನಾಯಿಯ ಕಾಲಿನೊಳಗೆ ಉಕ್ಕಿನ ಪಟ್ಟಿ ಇಟ್ಟು ಸ್ಕ್ರೂ ಬಿಗಿಯುತ್ತಾರೆ. ಎಲುಬೇನೋ ಕೂಡುತ್ತದೆ. ಆದರೆ ಅಷ್ಟರಲ್ಲಿ ತೊಡೆಯ ಮಾಂಸ ಕರಗಿರುತ್ತದೆ, ಕಾಲು ಊರುವ ಧೈರ್ಯ ಹೋಗಿರುತ್ತದೆ.

ನೀರಿನಲ್ಲಿ ನಡೆಸಿದರೆ ಮೈಭಾರ ಅರ್ಧ ನೀರೇ ಹೊರುತ್ತದೆ, ಕಾಲು ಮೆಲ್ಲಗೆ ತನ್ನ ಕೆಲಸ ನೆನಪು ಮಾಡಿಕೊಳ್ಳುತ್ತದೆ. ದೊಡ್ಡ ಊರುಗಳಲ್ಲಿ ಇದಕ್ಕೆ ಗಾಜಿನ ತೊಟ್ಟಿ, ಬಿಸಿನೀರು, ತೊಟ್ಟಿಯ ತಳದಲ್ಲಿ ತಾನೇ ಓಡುವ ಪಟ್ಟಿ, ಎಲ್ಲ ಇದೆಯಂತೆ. ಇಲ್ಲಿ ಹೊಳೆ ಇತ್ತು, ಅಜ್ಜಾರು ಇದ್ದರು. ಹೊಲಿಗೆ ಬಿಚ್ಚಿ ಗಾಯ ಒಣಗಿದ ಮೇಲೆ ದವಾಖಾನೆಯ ಡಾಕ್ಟರಬಾಯಿ ನಾಯಿಗಳನ್ನು ಮಠಕ್ಕೆ ಕಳಿಸುತ್ತಿದ್ದರು.

ಅಡಿವೆಪ್ಪನ ವಿಚಾರಕ್ಕೆ ಬರೋಣ. ಅವನು ಇಪ್ಪತ್ತೆರಡು ವರ್ಷ ಕಾಲುವೆಯ ತೂಬು ಕಾಯ್ದವನು. ಊರಿಂದ ಮೂರು ಮೈಲು ಆಚೆ ಒಂದು ಕೋಣೆಯ ಸರಕಾರಿ ಮನೆ. ತೂಬು ಎತ್ತುವುದು, ಇಳಿಸುವುದು, ನೀರಿನ ಅಳತೆ ಬರೆಯುವುದು. ಮದುವೆ ಆಗಿರಲಿಲ್ಲ. ಅದಕ್ಕೆ ಯಾರೂ ಅಡ್ಡ ಬಂದಿರಲಿಲ್ಲ, ಯಾರೂ ಮುಂದೆ ಬಂದೂ ಇರಲಿಲ್ಲ. ತೂಬಿಗೆ ಮೋಟಾರು ಕೂಡಿಸಿದ ಮೇಲೆ ಅವನ ಕೆಲಸ ಹೋಯಿತು. ಐವತ್ತರ ಹತ್ತಿರದಲ್ಲಿ ಚೀಲ ಹೆಗಲಿಗೆ ಹಾಕಿಕೊಂಡು ಮಠಕ್ಕೆ ಬಂದ.

ಬಂದವನು ನಾಯಿಕೆಲಸ ಕಲಿತ. ಬಿಸಿಲಿಗೆ ನೀರಿನ ತಣುಪು ಮುರಿಯುವ ತನಕ ಕಾಯಬೇಕು. ಹೊಟ್ಟೆಯ ಕೆಳಗೆ ಹಳೆಯ ಸೀರೆಯ ಜೋಲಿ ಹಾಕಿ ಹಿಡಿದುಕೊಳ್ಳಬೇಕು. ಮೇಲೆ ಬಂದ ನಾಯಿ ಮೈ ಕೊಡವುವ ಮೊದಲೇ ಅದರ ತಲೆಯ ಮೇಲೆ ಟವೆಲ್ಲು ಬೀಳಬೇಕು. ತಲೆ ಅಲುಗದಿದ್ದರೆ ಮೈ ಅಲುಗುವುದಿಲ್ಲ. ಒದ್ದೆ ಕಲ್ಲಿನ ಮೇಲೆ ಮೈ ಕೊಡವಿ ಕಾಲು ಜಾರಿದರೆ ಹೊಸ ಎಲುಬು ಕದಲೀತು.

"ಧ್ಯಾನ ಯಾವಾಗ ಕಲಸ್ತೀರಿ ಅಜ್ಜಾರ?" ಎಂದು ಅಡಿವೆಪ್ಪ ಒಮ್ಮೆ ಕೇಳಿದ.

ಅಷ್ಟರಲ್ಲಿ ಅವನ ಹಿಂದಿದ್ದ ನಾಯಿ ಮೈ ಕೊಡವಿ ಇಬ್ಬರನ್ನೂ ತೋಯಿಸಿತು.

"ಇದು ನಿಂತ ಮ್ಯಾಲ," ಅಂದರು ಅಜ್ಜಾರು.

ಹೀಗೆ ಮೂರು ತಿಂಗಳಾಯಿತು. ಆಮೇಲೆ ಜಮಾದಾರ ಬಂತು.

ಜಮಾದಾರ ಅಂದರೆ ಕುರಿ ಕಾಯುವ ನಾಯಿ. ಕೆಂಚು ಮೈ, ಒಂದು ಕಿವಿ ಯಾವುದೋ ಜಗಳದಲ್ಲಿ ಅರ್ಧ ಹೋಗಿತ್ತು. ಮೂತಿಯ ಎರಡೂ ಕಡೆ ಮೀಸೆ ತಿರುವಿದ ಹಾಗೆ ಕರಿ ಪಟ್ಟೆ ಇದ್ದದ್ದರಿಂದ ಆ ಹೆಸರು. ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಟಂಟಂ ಗಾಡಿಯಿಂದ ಇಳಿದವಳು ಮಾಯವ್ವ, ಅರವತ್ತು ದಾಟಿದ ಕುರಿಗಾರ ಹೆಣ್ಣುಮಗಳು.

"ರಸ್ತೆ ಮ್ಯಾಲ ಕುರಿ ದಾಟಸ್ತಿತ್ರಿ ಅಜ್ಜಾರ. ಬೈಕಿನವ ಗುದ್ದಿ ಹೋದ. ಕುರಿ ಒಂದೂ ಸಾಯಲಿಲ್ಲ. ಇದರ ತೊಡಿ ಮುರೀತು."

ಆಪರೇಷನ್ ಆಗಿ ಏಳು ವಾರ ಕಳೆದಿತ್ತು. ಎಲುಬು ಕೂಡಿದೆ, ನೀರಿಗೆ ಇಳಿಸಬಹುದು ಎಂದು ಡಾಕ್ಟರಬಾಯಿ ಚೀಟಿ ಬರೆದಿದ್ದರು.

"ನಿನ್ನ ಕಡೆ ಎಷ್ಟು ದಿನ ಐತಿ?" ಅಜ್ಜಾರು ಕೇಳಿದರು.

"ಬರೋ ಅಮಾಸಿ ತನಕ, ಒಂದು ತಿಂಗಳು. ಅಮಾಸಿ ಮರುದಿನ ಹಿಂಡು ಮ್ಯಾಲಿನ ಸೀಮಿಗಿ ಹೊಂಡತೈತ್ರಿ. ದಿನಾ ಮೂರು ಹರದಾರಿ ನಡಿಗಿ. ಮೂರು ಕಾಲಿನ ನಾಯಿ ಒಂದು ದಿನ ಬಂದೀತು, ಎರಡು ದಿನ ಬಂದೀತು. ಆಮ್ಯಾಲ ಹಿಂದ ಬೀಳತೈತಿ. ಹಿಂದ ಬಿದ್ದದ್ದನ್ನ ತೋಳ ಬಿಡಂಗಿಲ್ಲ." ಮಾಯವ್ವ ಹೊಳೆಯ ಕಡೆ ಮುಖ ತಿರುಗಿಸಿದಳು. "ಕಾಲು ಬರಲಿಲ್ಲಂದ್ರ ಇಲ್ಲೇ ಬಿಟ್ಟು ಹೋಗತೇನ್ರಿ. ಹಿಂಡಿನ ಮುಂದ ನಾನು, ಹಿಂದ ಇದು. ಇಷ್ಟು ವರ್ಷ ಹಂಗ ನಡದೇವಿ. ಇದು ಇಲ್ಲಂದ್ರ ಹಿಂದ ಯಾರೂ ಇಲ್ಲ."

ನಾಯಿಯ ಹಣೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹೋದಳು.

ಮೊದಲ ವಾರವೇ ಅಡಿವೆಪ್ಪ ಖುಷಿಯಿಂದ ಅಜ್ಜಾರನ್ನು ಹೊಳೆಗೆ ಕರೆದ. "ನೋಡ್ರಿ, ಹೆಂಗ ಈಜತೈತಿ. ಜಮಾದಾರ ಅನ್ನೋದು ಬಿಟ್ಟು ಇನ್ನ ಮ್ಯಾಲ ಮೊಸಳಿ ಅನ್ನಬೇಕು."

ನಿಜಕ್ಕೂ ಚೆನ್ನಾಗಿ ಈಜುತ್ತಿತ್ತು. ತಲೆ ಮೇಲೆತ್ತಿ, ನೀರು ಸೀಳಿಕೊಂಡು, ಆ ದಂಡೆಗೇ ಹೋಗುತ್ತದೋ ಏನೋ ಅನ್ನುವ ಹಾಗೆ.

"ಎಷ್ಟು ಕಾಲಿಂದ?" ಅಜ್ಜಾರು ಕೇಳಿದರು.

"ನಾಲ್ಕರಿಂದ ಅಲ್ಲೇನ್ರಿ ಮತ್ತ?"

ಅಜ್ಜಾರು ನೀರಿಗೆ ಇಳಿದರು, ಅಡಿವೆಪ್ಪನ ಜುಟ್ಟು ಹಿಡಿದು ತಲೆಯನ್ನು ನೀರಿನೊಳಗೆ ಅದುಮಿದರು. ಅಡಿವೆಪ್ಪ ಕಣ್ಣು ಬಿಟ್ಟ. ಮುಂದಿನ ಎರಡು ಕಾಲು ಬಡಿಯುತ್ತಿದ್ದವು. ಹಿಂದಿನ ಒಂದು ಬಡಿಯುತ್ತಿತ್ತು. ಕೂಡಿಸಿದ ಕಾಲನ್ನು ಜಮಾದಾರ ಹೊಟ್ಟೆಗೆ ಹತ್ತಿಸಿಕೊಂಡು ಸುಮ್ಮನೆ ಮಡಚಿ ಇಟ್ಟುಕೊಂಡಿತ್ತು.

ಕೆಮ್ಮುತ್ತ ಮೇಲೆ ಬಂದ ಅಡಿವೆಪ್ಪನಿಗೆ ಅಜ್ಜಾರು ಹೇಳಿದರು: "ಆಳದಾಗ ಎಲ್ಲಾರೂ ಚಂದ ಕಾಣತಾರ. ತಳಾ ಹತ್ತೋ ಕಡೆ ಕರಕೊಂಡು ಬಾ."

ಅಂದಿನಿಂದ ಜಮಾದಾರನ ನಡಿಗೆ ಮರಳಿನ ಮೇಲೆ, ಭುಜದ ಮಟ್ಟದ ನೀರಿನಲ್ಲಿ. ನಾಲ್ಕು ದಿನಕ್ಕೊಮ್ಮೆ ಒಂದು ಮಾರು ದಂಡೆಯ ಕಡೆ, ಕಡಿಮೆ ನೀರಿಗೆ. ಅಡಿವೆಪ್ಪ ನೀರಿನೊಳಗೆ ಕೈ ಬಿಟ್ಟು ಆ ಪಾದವನ್ನು ಹಿಡಿದು ಮರಳಿನ ಮೇಲೆ ಇಡುತ್ತಿದ್ದ. ಎತ್ತುತ್ತಿದ್ದ, ಇಡುತ್ತಿದ್ದ. ಹತ್ತನೆಯ ದಿನ ಪಾದ ತಾನಾಗಿಯೇ ಇಳಿಯಿತು. ಅವನು ಆ ದಿನ ಎರಡು ರೊಟ್ಟಿ ಹೆಚ್ಚಿಗೆ ಉಂಡ.

ನಡಿಗೆ ಮುಗಿದ ಮೇಲೆ ಹದಿನೆಂಟು ಪಾವಟಿಗೆ ಹತ್ತಬೇಕು. ಮೊದಲ ದಿನ ಜಮಾದಾರ ಕೆಳಗಿನ ಪಾವಟಿಗೆಯ ಹತ್ತಿರ ನಿಂತು, ಆ ಕಾಲು ಎತ್ತಿ, ಅಡಿವೆಪ್ಪನ ಮುಖ ನೋಡಿತ್ತು. ಅಡಿವೆಪ್ಪ ಅದನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ಹತ್ತಿದ. ಎರಡನೆಯ ದಿನವೂ ಹಾಗೇ. ಆಮೇಲೆ ಅದು ರೂಢಿಯೇ ಆಯಿತು. ಹತ್ತುವಾಗ ನಾಯಿ ಅವನ ಕಿವಿ ನೆಕ್ಕುತ್ತಿತ್ತು, ಅವನು ಅದಕ್ಕೆ ಕಾಲುವೆಯ ಕಥೆ ಹೇಳುತ್ತಿದ್ದ. ತಾನು ಮಾತಾಡುವಾಗ ನಡುವೆ ಎದ್ದು ಹೋಗದ ಜೀವವನ್ನು ಅವನು ಕಂಡದ್ದು ಅದೇ ಮೊದಲು.

ಮೂರು ವಾರ ಹೋದವು. ನೀರಿನಲ್ಲಿ ಜಮಾದಾರ ನಾಲ್ಕು ಕಾಲಿನಲ್ಲಿ ನಡೆಯುತ್ತಿತ್ತು. ನೀರು ಮೊಣಕಾಲಿನ ಮಟ್ಟಕ್ಕೆ ಇಳಿದರೂ ನಡೆಯುತ್ತಿತ್ತು. ನೆಲಕ್ಕೆ ಬಂದರೆ ಮಾತ್ರ ಮತ್ತೆ ಮೂರು.

ಅಡಿವೆಪ್ಪನಿಗೆ ಅನ್ನ ಸೇರದಾಯಿತು. ಹಾಲಿನ ಗಾಡಿಯಲ್ಲಿ ನಾಯಿಯನ್ನು ಕೂಡಿಸಿಕೊಂಡು ಪಟ್ಟಣಕ್ಕೆ ಹೋದ. ಡಾಕ್ಟರಬಾಯಿ ಕಾಲು ಒತ್ತಿ ನೋಡಿದರು, ಎಲುಬಿನ ಫೋಟೋ ತೆಗೆದು ನೋಡಿದರು.

"ಎಲುಬು ಕಬ್ಬಿಣ ಆಗೈತಿ. ಮಾಂಸಾನೂ ತುಂಬೈತಿ. ಇದು ಓಡಬೇಕು," ಅಂದರು.

ಮಠಕ್ಕೆ ಬಂದು ಅಡಿವೆಪ್ಪ ತಲೆಗೆ ಕೈ ಹೊತ್ತು ಕೂತ. ಅಮಾವಾಸ್ಯೆಗೆ ಒಂಬತ್ತು ದಿನ ಇತ್ತು.

"ನಾಳಿ ಪ್ಯಾಟಿಗಿ ಹೋಗಿ ತಿಕ್ಕೋ ಎಣ್ಣಿ ತಗೊಂಡು ಬಾ," ಅಂದರು ಅಜ್ಜಾರು.

"ಎಣ್ಣಿ ಐತಲ್ರಿ."

"ಇನ್ನೊಂದು ಶೀಶೆ ಇರಲಿ. ನಾಯೀನ ಇಲ್ಲೇ ಬಿಟ್ಟು ಹೋಗು."

ಹೋದ. ಮರಳುವಾಗ ಬಸ್ಸು ಕೆಟ್ಟು ನಿಂತದ್ದರಿಂದ ಸೇತುವೆಯ ಮೇಲಿಂದ ನಡೆದು ಬಂದ. ಅಲ್ಲಿಂದ ಮಠದ ಮರಳು ಅಂಗೈಯಂತೆ ಕಾಣುತ್ತದೆ. ಅಜ್ಜಾರು ದಂಡೆಯ ಮೇಲೆ ಅಡ್ಡಾಡುತ್ತಿದ್ದರು. ಹಿಂದೆ ಜಮಾದಾರ, ಒಣ ಮರಳಿನ ಮೇಲೆ ನಾಲ್ಕೂ ಕಾಲು ಊರಿಕೊಂಡು. ಒಂದು ಕಾಗೆ ಬಂದು ಕೂತಿತು. ಜಮಾದಾರ ಅದನ್ನು ಅಟ್ಟಿಸಿಕೊಂಡು ಹದಿನೆಂಟು ಪಾವಟಿಗೆಯನ್ನೂ ಒಂದೇ ಉಸಿರಿಗೆ ಹತ್ತಿತು, ಹಾಗೇ ಇಳಿಯಿತು.

ಅಡಿವೆಪ್ಪ ಸೇತುವೆ ಇಳಿದ. ಎಣ್ಣೆ ಶೀಶೆ ಎದೆಗೆ ಅವಚಿಕೊಂಡು, ಹೆಸರು ಕೂಗುತ್ತ ಓಡಿದ.

ಜಮಾದಾರ ಅವನ ದನಿ ಕೇಳಿ ಕಿವಿ ನಿಮಿರಿಸಿತು. ಬಾಲ ಬಡಿಯುತ್ತ ನಾಲ್ಕು ಕಾಲಲ್ಲಿ ನೆಗೆದು ಬಂತು. ಇನ್ನೇನು ಹತ್ತು ಮಾರು ಉಳಿಯಿತು ಅನ್ನುವಾಗ ಏನೋ ನೆನಪಾದ ಹಾಗೆ ನಿಂತಿತು. ಕಾಲು ಎತ್ತಿತು. ಅಲ್ಲಿಂದ ಮೂರು ಕಾಲಲ್ಲಿ ಕುಂಟುತ್ತ ಬಂದು, ಅವನ ಮುಂದೆ ಕೂತು, ಮುಖ ನೋಡಿತು.

ಅಜ್ಜಾರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಡಿವೆಪ್ಪನಿಗೆ ನಗು ಬರಲಿಲ್ಲ.

"ಇದು ಮೋಸ ಅಲ್ಲೇನ್ರಿ ಅಜ್ಜಾರ?"

"ಮೋಸ ಯಾಕ? ನೀ ಮೂರು ವಾರ ಪಾಠ ಹೇಳಿದಿ, ಅದು ಕಲೀತು. ನಿನ್ನಕಿಂತ ಶಾಣ್ಯಾ ಶಿಷ್ಯ."

"ನಾ ಏನು ಪಾಠ ಹೇಳೇನ್ರಿ?"

ಅಜ್ಜಾರು ಕೈಯ ಕೋಲು ಕೆಳಗೆ ಬಿಟ್ಟರು. ಒಂದು ಕಾಲು ಮೆಲ್ಲಗೆ ಮೇಲೆತ್ತಿದರು. ಮುಖ ಸಣ್ಣದು ಮಾಡಿಕೊಂಡು ಅಡಿವೆಪ್ಪನ ಕಣ್ಣನ್ನೇ ನೋಡುತ್ತ, ಅಲ್ಲಾಡುತ್ತ ನಿಂತರು.

ಅಡಿವೆಪ್ಪನ ಎರಡೂ ಕೈ ತಾವಾಗಿಯೇ ಅವರನ್ನು ಹಿಡಿಯಲು ಚಾಚಿದವು.

"ಇದ ಪಾಠ," ಎಂದು ಅಜ್ಜಾರು ಕಾಲು ಇಳಿಸಿದರು. "ಡಾಕ್ಟರಬಾಯಿ ಕಾಲು ಕೊಟ್ರು. ಹೊಳಿ ಕಾಲು ಕೊಡ್ತು. ದೇವರು ವರ ಕೊಟ್ರೂ ಪೂಜಾರಿ ಕೊಡವಲ್ಲ."

ಮರುದಿನ ಅಡಿವೆಪ್ಪ ಹಟ ಹಿಡಿದ, ಎತ್ತಿಕೊಳ್ಳುವುದಿಲ್ಲ ಅಂತ. ಜಮಾದಾರ ಕೆಳಗಿನ ಪಾವಟಿಗೆಯ ಹತ್ತಿರ ಕಾಲೆತ್ತಿಕೊಂಡು ನಿಂತಿತು. ಇವನು ಮೇಲಿನ ಪಾವಟಿಗೆಯಲ್ಲಿ ಕೂತ. ನೆರಳು ಪೂರ್ವಕ್ಕೆ ಹೊರಳುವ ತನಕ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಾಯಿ ಒಂದು ಸಲ ಸಣ್ಣಗೆ ಕುಂಯ್ ಅಂದಿತು. ಇವನು ಇಳಿದು ಹೋಗಿ ಹೆಗಲಿಗೆ ಹಾಕಿಕೊಂಡ.

ಎರಡನೆಯ ದಿನ ಟವೆಲ್ಲಿನಿಂದ ಕೈ ಹಿಂದಕ್ಕೆ ಕಟ್ಟಿಸಿಕೊಂಡ. ಕಟ್ಟಿದವರು ಅಜ್ಜಾರೇ. ಗಂಟನ್ನು ಕಂಬಕ್ಕೆ ತಿಕ್ಕಿ ತಿಕ್ಕಿ ಬಿಚ್ಚಿಕೊಂಡು ನಾಯಿಯನ್ನು ಎತ್ತಿಕೊಂಡ. ಮೂರನೆಯ ದಿನ ಬೆನ್ನು ತಿರುಗಿಸಿ ನಿಂತ. ಜಮಾದಾರ ಸುತ್ತು ಹಾಕಿಕೊಂಡು ಬಂದು ಎದುರಿಗೇ ಕಾಲೆತ್ತಿ ನಿಂತಿತು. ಅವನ ಕೈಯಲ್ಲಿ ಆಗುವ ಕೆಲಸ ಇದಲ್ಲ ಎಂದು ಅಜ್ಜಾರಿಗೆ ಗೊತ್ತಾಯಿತು.

ಮುಂದಿನ ಮುಂಜಾನೆ ಮರಳಿನ ಮೇಲೆ ಕೂತು ಕೇಳಿದರು.

"ಅಡಿವೆಪ್ಪಾ, ಐದು ದಿನ ಉಳದಾವ. ಒಂದು ಮಾತು ಕೇಳತೇನಿ. ಇದರ ಕಾಲು ನೆಟ್ಟಗಾಗಬೇಕೇನು ನಿನಗ?"

"ಆಗಬೇಕ್ರಿ."

"ಇನ್ನೊಮ್ಮೆ ಹೇಳು. ಹೊಳಿ ನೋಡಬ್ಯಾಡ, ನನ್ನ ನೋಡಿ ಹೇಳು."

ಅಡಿವೆಪ್ಪ ಕೆಳಗೆ ನೋಡಿದ. ನಾಯಿ ಅವನ ತೊಡೆಯ ಮೇಲೆ ಮೂತಿ ಇಟ್ಟು ಮಲಗಿತ್ತು.

"ಆಗಬಾರದ್ರಿ," ಅಂದ.

ಅಂದ ಮೇಲೆ ಅವನಿಗೆ ಅಳು ಬಂತು, ಮುಚ್ಚಿಡಲಿಲ್ಲ.

"ಇಪ್ಪತ್ತೆರಡು ವರ್ಷ ತೂಬಿನ ಮನ್ಯಾಗ ಇದ್ದೆ ಅಜ್ಜಾರ. ನೀರು ಬಿಡು ಅಂತ ಬರತಿದ್ರು. ನೀರು ಯಾಕ ಬಿಟ್ಟಿ ಅಂತ ಬೈಯಾಕ ಬರತಿದ್ರು. ಅಡಿವೆಪ್ಪ ಹೆಂಗದಾನ ಅಂತ ಒಬ್ಬರೂ ಬರಲಿಲ್ಲ. ಇದು ಕಾಲೆತ್ತಿ ನನ್ನ ಮಾರಿ ನೋಡತೈತಲ್ರಿ, ಆವಾಗ ನನಗ ನಾ ಅದೇನಿ ಅನಸತೈತಿ. ಕಾಲು ಬಂದ್ರ ಇದು ಹೋಗತೈತಿ."

ಅಜ್ಜಾರು ಬೈಯಲಿಲ್ಲ. ನಾಯಿಯ ಹರಿದ ಕಿವಿಯನ್ನು ಬೆರಳಿನಿಂದ ಸವರುತ್ತ ಕೂತರು.

"ಹಂಗಾದ್ರ ಇರಲಿ ಬಿಡು. ಮಾಯವ್ವಗ ನಾನ ಹೇಳತೇನಿ, ಕಾಲು ಬಂದಿಲ್ಲ ಅಂತ. ಸುಳ್ಳೇನೂ ಅಲ್ಲ, ನಿನ್ನ ಮುಂದ ಬಂದೇ ಇಲ್ಲ. ಜಮಾದಾರ ಇಲ್ಲೇ ಇರಲಿ. ನೀ ಹೊತ್ತುಕೊಂಡು ಅಡ್ಡಾಡು."

ಅಡಿವೆಪ್ಪ ತಲೆ ಎತ್ತಿದ. ಅಜ್ಜಾರು ತಮಾಷೆ ಮಾಡುತ್ತಿಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

"ಮತ್ತ ಮಾಯವ್ವ ಏನು ಮಾಡತಾಳ್ರಿ?"

"ಅಳತಾಳ. ಆಮ್ಯಾಲ ಬ್ಯಾರೆ ನಾಯಿ ತರತಾಳ. ಹಿಂಡು ನಿಲ್ಲಂಗಿಲ್ಲ."

"ಜಮಾದಾರಗ?"

"ಅದಕ್ಕ ಬ್ಯಾರೆ ಕುರಿ ಎಲ್ಲಿಂದ ತರೋದು? ನೀ ಅದೀಯಲ್ಲ. ನಿನ್ನ ಕಾಯ್ಕೊಂಡು ಇರತೈತಿ."

ಇಷ್ಟು ಹೇಳಿ ಅಜ್ಜಾರು ಎದ್ದು ಹೋದರು. ಆಯ್ಕೆ ನಿನ್ನದು ಅಂತ ಬೇರೆ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಅಂದು ಹೊತ್ತು ಇಳಿಯುವಾಗ ಆಚೆಯ ದಂಡೆಯ ಮೇಲೆ ಯಾರದೋ ಕುರಿಹಿಂಡು ಹಾದು ಹೋಯಿತು. ಧೂಳು, ಗಂಟೆಯ ಸದ್ದು, ಮರಿಗಳ ಕೂಗು. ಅಡಿವೆಪ್ಪನ ಪಕ್ಕ ಮಲಗಿದ್ದ ಜಮಾದಾರ ತಟ್ಟನೆ ಎದ್ದಿತು. ಮೈಯ ಕೂದಲೆಲ್ಲ ನಿಂತಿತು. ಒಂದು ಮರಿ ಹಿಂಡು ಬಿಟ್ಟು ನೀರಿನ ಕಡೆ ಬರುತ್ತಿತ್ತು. ಅದನ್ನು ಕಂಡ ಜಮಾದಾರ ನಡುಗತೊಡಗಿತು, ನಾಲ್ಕೂ ಕಾಲು ಮರಳಿನಲ್ಲಿ ಹೂತವು. ಹೊಳೆಗೆ ಹಾರುವುದೊಂದೇ ಬಾಕಿ.

ಆಗ ಅದು ತಿರುಗಿ ಅಡಿವೆಪ್ಪನನ್ನು ನೋಡಿತು. ನೋಡಿದ ಕೂಡಲೇ ಹಿಂಗಾಲು ಮೇಲೆದ್ದಿತು.

ಕಣ್ಣು ಇನ್ನೂ ಕುರಿಯ ಕಡೆಗೇ ಓಡುತ್ತಿತ್ತು. ಕಾಲು ಮಾತ್ರ ಎತ್ತಿಕೊಂಡೇ ಇತ್ತು.

ಅಡಿವೆಪ್ಪನಿಗೆ ಅದನ್ನು ನೋಡಲು ಆಗಲಿಲ್ಲ. ತನ್ನ ಮೇಲೆಯೇ ಅವನಿಗೆ ಸಿಟ್ಟು ಬಂತು. ಬೆಳಗಾಗುತ್ತಲೇ ಅಜ್ಜಾರ ಹತ್ತಿರ ಹೋದ.

"ಅಜ್ಜಾರ, ನಾ ಎಲ್ಲಿ ಹೋಗಲಿ?"

"ದೂರ ಬ್ಯಾಡ," ಅಂದರು ಅಜ್ಜಾರು, ಅವನು ಇದನ್ನೇ ಕೇಳುತ್ತಾನೆ ಅಂತ ಗೊತ್ತಿದ್ದವರ ಹಾಗೆ. "ಅದರ ಕಣ್ಣಿಗೆ, ಮೂಗಿಗೆ ಬೀಳದಷ್ಟು."

ಊರಾಚೆಯ ಹೊಲದಲ್ಲಿ ಮಠದ ಒಂದು ಗುಡಿಸಲಿತ್ತು. ಅಡಿವೆಪ್ಪ ಅಲ್ಲಿ ಹೋಗಿ ಇದ್ದ. ಎಪ್ಪತ್ತಾರರ ಅಜ್ಜಾರು ಕಾವಿ ಮೇಲೆ ಕಟ್ಟಿಕೊಂಡು ತಾವೇ ಹೊಳೆಗೆ ಇಳಿದರು. ಸಂಜೆಗೊಮ್ಮೆ ಅವನಿಗೆ ಬುತ್ತಿ ಕೊಟ್ಟು ಬರುತ್ತಿದ್ದರು.

"ಉಂಡಿತೇನ್ರಿ?" ಎಂದು ಅಡಿವೆಪ್ಪ ಮೊದಲ ದಿನ ಕೇಳಿದ.

"ಇಲ್ಲ. ನಿನ್ನ ಹಾಸಿಗಿ ಮ್ಯಾಲ ಮಲಗೇತಿ."

ಅವನೂ ಬುತ್ತಿ ಬಿಚ್ಚಲಿಲ್ಲ.

"ಇವತ್ತರೆ ಉಂಡಿತೇನ್ರಿ?" ಎರಡನೆಯ ದಿನ.

"ಅರ್ಧ ರೊಟ್ಟಿ."

ಮೂರನೆಯ ದಿನ ಅವನು ಕೇಳುವ ಮೊದಲೇ ಅಜ್ಜಾರು ಗೊಣಗಿದರು: "ನನ್ನ ಪಾಲಿಂದೂ ಅದ ತಿಂತು. ಉಪಾಸ ಮುರದ ನಾಯಿಗೆ ಆಚಾರ ಹೇಳೋರು ಯಾರು? ನೀ ಉಣ್ಣು."

"ಪಾವಟಿಗಿ?"

"ಒಂಬತ್ತು ಹತ್ತಿತು. ಹಿಂದ ಮುಂದ ನೋಡಿತು. ಯಾರೂ ಬರಲಿಲ್ಲ. ಉಳಿದ ಒಂಬತ್ತೂ ಹತ್ತಿತು."

ಅಡಿವೆಪ್ಪ ಅಂದು ನಕ್ಕ, ಅತ್ತ, ಬುತ್ತಿ ಪೂರ್ತಿ ಉಂಡ. ಎಲ್ಲ ಒಂದೇ ಹೊತ್ತಿಗೆ.

ಅಮಾವಾಸ್ಯೆಯ ಮರುದಿನ ಬೆಳಕು ಹರಿಯುವಾಗ ಮಠದ ಹಿಂಬಾಗಿಲಲ್ಲಿ ಬಂದು ನಿಂತ. ಜಮಾದಾರ ಅಜ್ಜಾರ ಪೂಜೆ ಮುಗಿಯುವುದನ್ನು ಕಾಯುತ್ತ ಹೊಳೆಯ ಕಡೆ ಇತ್ತು.

"ಒಮ್ಮೆ ನೋಡತೇನ್ರಿ ಅಜ್ಜಾರ."

"ನೋಡು. ಅದೂ ನಿನ್ನ ನೋಡತೈತಿ."

ಅಡಿವೆಪ್ಪ ನಿಂತಲ್ಲೇ ಕೈ ಹೊಸಕಿಕೊಂಡ. ಕಿಟಕಿಯಿಲ್ಲದ ಉಗ್ರಾಣವನ್ನು ನೋಡಿದ. ಹಿಂತಿರುಗಿ ಹೊಲಕ್ಕೆ ಹೋಗುವ ಶಕ್ತಿ ಅವನಿಗೆ ಇರಲಿಲ್ಲ.

"ನಾ ಇದರಾಗ ಕೂಡತೇನ್ರಿ. ಹೊರಗಿಂದ ಚಿಲಕ ಹಾಕ್ರಿ."

"ಹೊರಗ ಚಿಲಕ ಇಲ್ಲ," ಅಂದರು ಅಜ್ಜಾರು. "ಒಳಗ ಐತಿ."

ಅವನು ಒಳಗೆ ಹೋಗಿ ತಾನೇ ಚಿಲಕ ಹಾಕಿಕೊಂಡ. ಜೋಳದ ಚೀಲಗಳ ನಡುವೆ ಕತ್ತಲಲ್ಲಿ ಕೂತ. ಬಾಗಿಲಿನ ಕೆಳಗೆ ಎರಡು ಬೆರಳಿನಷ್ಟು ಸಂದು, ಅದರಿಂದ ಬೆಳಕು ಬರುತ್ತಿತ್ತು.

ಹೊತ್ತು ಏರಿತು. ಹಿಂಡಿನ ಗಂಟೆ ಕೇಳಿಸಿತು, ದೂರದಿಂದ, ಆಮೇಲೆ ಹತ್ತಿರದಿಂದ. ಆಮೇಲೆ ಮಾಯವ್ವನ ದನಿ.

"ಅಜ್ಜಾರ..." ಅಂದಳು. ಅಷ್ಟೇ. ನಾಯಿ ಬೊಗಳುವುದು, ಕುಂಯ್‌ಗುಡುವುದು, ಮುದುಕಿ ನೆಲಕ್ಕೆ ಕೂತ ಸದ್ದು. "ಕಾಲು ಊರೈತ್ರಿ. ನಾಕೂ ಊರೈತಿ. ಯವ್ವಾ ದೇವಿ ಮಾಯಕ್ಕ, ನನ್ನ ಜಮಾದಾರ ನನಗ ಬಂದ."

ಸ್ವಲ್ಪ ಹೊತ್ತಿಗೆ ಕೇಳಿದಳು: "ಅಡಿವೆಪ್ಪ ಎಲ್ಲಿ ಅದಾನ್ರಿ? ಅವನಿಗೆ ಕೈ ಮುಗೀಬೇಕು."

"ಕೆಲಸದ ಮ್ಯಾಲ ಅದಾನ," ಅಂದರು ಅಜ್ಜಾರು.

ಒಳಗೆ ಅಡಿವೆಪ್ಪ ಅಂಗೈಯಿಂದ ಬಾಯಿ ಒತ್ತಿ ಹಿಡಿದ.

ಆಗ ಕಲ್ಲಿನ ಮೇಲೆ ಉಗುರಿನ ಸದ್ದು. ಅಂಗಳ ದಾಟಿತು, ಪಡಸಾಲೆ ದಾಟಿತು, ಉಗ್ರಾಣದ ಮುಂದೆ ನಿಂತಿತು. ಬಾಗಿಲಿನ ಸಂದಿಯ ಬೆಳಕಿಗೆ ಎರಡು ಮುಂಗಾಲು ಅಡ್ಡ ಬಂದವು. ಕರಿ ಮೂಗು ಸಂದಿಗೆ ಬಂತು. ಒಂದು ಸಲ ಉಸಿರು ಎಳೆಯಿತು, ಇನ್ನೊಂದು ಸಲ ಎಳೆಯಿತು. ಬಾಗಿಲಿನ ಮೇಲೆ ಬಾಲ ಬಡಿಯುವ ಸದ್ದು.

ಆಮೇಲೆ ಬಾಲ ನಿಂತಿತು. ಸಣ್ಣಗೆ ಕುಂಯ್ ಅಂದಿತು.

ಹಿಂಗಾಲು ಅವನಿಗೆ ಕಾಣುತ್ತಿರಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ. ಆ ಕುಂಯ್ ಅನ್ನುವಾಗ ಕಾಲು ಎಲ್ಲಿರುತ್ತದೆ ಅಂತ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಅವನ ಕೈ ಚಿಲಕದ ತನಕ ಹೋಯಿತು. ಬೆರಳು ಕಬ್ಬಿಣಕ್ಕೆ ತಾಗಿತು. ಬರೀ ಒಂದು ಸಲ, ಬರೀ ತಲೆ ಸವರಿ ಬಿಡುತ್ತೇನೆ ಅಂದುಕೊಂಡ. ದಿನಾ ಮೂರು ಹರದಾರಿ. ಹಿಂದೆ ಬಿದ್ದದ್ದನ್ನು ತೋಳ ಬಿಡುವುದಿಲ್ಲ. ಅವನು ಕೈ ಎಳೆದುಕೊಂಡ. ನೆಲಕ್ಕೆ ಕೂತು, ಎರಡೂ ಕೈ ತನ್ನ ತೊಡೆಯ ಕೆಳಗೆ ತುರುಕಿ, ಅವುಗಳ ಮೇಲೆ ಭಾರ ಹಾಕಿ ಕೂತ. ಉಸಿರು ಬಿಗಿ ಹಿಡಿದ. ಕಣ್ಣೀರು ಗದ್ದದಿಂದ ಇಳಿಯುತ್ತಿತ್ತು, ಒರೆಸಲು ಕೈ ತೆಗೆಯಲಿಲ್ಲ.

ಮೂಗು ಸಂದಿಯಲ್ಲೇ ಇತ್ತು. ಎಷ್ಟು ಹೊತ್ತು ಇತ್ತೋ ಅವನಿಗೆ ತಿಳಿಯದು.

ಹೊರಗೆ ಒಂದು ಮರಿ ಬ್ಯಾ ಅಂದಿತು. ಮಾಯವ್ವ ನಾಲಿಗೆ ಲೊಟಗುಟ್ಟಿಸಿ, ಉದ್ದಕ್ಕೆ ಒಂದು ಕೂಗು ಹಾಕಿದಳು.

ಸಂದಿಯಲ್ಲಿ ಬೆಳಕು ತುಂಬಿಕೊಂಡಿತು.

ಅಡಿವೆಪ್ಪ ಬಾಗಿಲಿಗೆ ಕಿವಿ ಕೊಟ್ಟ. ಉಗುರಿನ ಸದ್ದು ಮೂರೋ ನಾಲ್ಕೋ ಎಣಿಸಲು ನೋಡಿದ. ಆದರೆ ಅಷ್ಟರಲ್ಲಿ ಹಿಂಡು ಎದ್ದಿತ್ತು, ನೂರಾರು ಗೊರಸಿನ ಸದ್ದಿನಲ್ಲಿ ಅದು ಕೂಡಿಹೋಯಿತು. ಗಂಟೆಗಳು ಹೊಳೆಯ ಏರಿ ಹತ್ತಿದವು, ಸಣ್ಣವಾದವು, ನಿಂತವು.

ಅವನು ಚಿಲಕ ತೆಗೆದು ಹೊರಗೆ ಬಂದ. ಕೈ ಜೋಮು ಹಿಡಿದಿದ್ದವು. ಅಜ್ಜಾರು ಮೇಲಿನ ಪಾವಟಿಗೆಯಲ್ಲಿ, ಏರಿಯ ಕಡೆ ಮುಖ ಮಾಡಿ ಕೂತಿದ್ದರು. ಅವನು ಹೋಗಿ ಅವರ ಒಂದು ಪಾವಟಿಗೆ ಕೆಳಗೆ ಕೂತ.

"ಹೋತೇನ್ರಿ?"

"ಹೋತು."

ಅಡಿವೆಪ್ಪ ಸ್ವಲ್ಪ ಹೊತ್ತು ನೀರು ನೋಡಿದ. ಕೇಳಬಾರದು ಅಂದುಕೊಂಡ. ಕೇಳದೆ ಇರಲು ಆಗಲಿಲ್ಲ.

"ತಿರುಗಿ ನೋಡಿತೇನ್ರಿ, ಅಜ್ಜಾರ?"

ಅಜ್ಜಾರು ಅವನ ತಲೆಯ ಮೇಲೆ ಕೈ ಇಟ್ಟರು.

"ನೋಡಿತು. ಏರಿ ಮ್ಯಾಲ ಹೋಗಿ, ನಾಕೂ ಕಾಲು ಊರಿ ನಿಂತು ನೋಡಿತು."